ಮಕ್ಖಿ ತೆಗೆಸಿಕೊಂಡು ಹೋದವರು

ನವಸಾಗರದ ಹೊಗೆ ಮೂಗಿಗೆ ಬಡಿದದ್ದೇ ತಡ, ಸಬ್ ಇನ್‌ಸ್ಪೆಕ್ಟರ್ ಗದಿಗೆಪ್ಪನಿಗೆ ತಾನು ಸುರಪುರದ ಓಣಿಯಲ್ಲಿ ನಿಂತಿರುವುದೇ ಮರೆತುಹೋಯಿತು. ಗದಗಿನ ಮನೆಯ ಮುಂದೆ ಕಲಾಯಿಯವನು ಕುಣಿ ತೋಡಿ, ತಿದಿ ಒತ್ತಿ, ಕಾದ ಹಂಡೆಯೊಳಗೆ ಚಿಟಿಕೆ ನವಸಾಗರ ಉದುರಿಸಿದಾಗ ಏಳುತ್ತಿದ್ದ ಬಿಳಿ ಹೊಗೆ ಇದೇ. ಗಂಟಲು ಸುಡುವ, ಕಣ್ಣಲ್ಲಿ ನೀರು ತರಿಸುವ, ಆದರೂ ಇನ್ನೊಮ್ಮೆ ಮೂಸಬೇಕೆನಿಸುವ ವಾಸನೆ. ಅವ್ವ ಬೈದು ಒಳಗೆಳೆದರೂ ಅವನು ಮತ್ತೆ ಓಡಿ ಬರುತ್ತಿದ್ದ. ಒಮ್ಮೆ ಆ ಕಲಾಯಿಯವನು ಮನೆಯ ಪಾತ್ರೆಗಳೆಲ್ಲ ಮುಗಿದ ಮೇಲೆ, ತಂಗಿಯ ಆಟದ ಚರಿಗೆಯನ್ನು ತಾನೇ ಕೇಳಿ ಇಸಿದುಕೊಂಡು, ಉಳಿದ ತವರದಿಂದ ಬೆಳ್ಳಗೆ ಮಾಡಿ ಕೊಟ್ಟಿದ್ದ. ಯಾರೂ ಅವನಿಗೆ ಹೇಳಿರಲಿಲ್ಲ.

"ಹೊಗಿಯಾಗ ಯಾಕ ನಿಂತೀರಿ ಅಮೀನಸಾಬ್ರ? ಒಳಗ ಬರ್ರಿ."

ಕೂಗಿದವಳು ಕಲಾಯಿ ಹಾಕುವ ಮುದುಕಿ ಮಸ್ತಾನಬಿ. ನಿಜಾಮನ ಕಾಲದಲ್ಲಿ ಠಾಣೆಯ ಅಧಿಕಾರಿಗೆ ಅಮೀನ ಎನ್ನುತ್ತಿದ್ದರು. ಆ ಸರಕಾರ ಹೋಗಿ ಎರಡನೆಯ ಚಳಿಗಾಲ ಬಂದಿದ್ದರೂ, ಮುಂಬೈ ಪ್ರಾಂತದಿಂದ ಎರವಲು ಬಂದ ಗದಿಗೆಪ್ಪ ಈ ಊರಿಗೆ ಇನ್ನೂ ಅಮೀನಸಾಬನೇ.

ಹಿಂದೆಯೇ ದಫೇದಾರ ಅಬ್ದುಲ್ ಕರೀಮ ಬಂದ. ಕಂಬಳಿಯಲ್ಲಿ ಸುತ್ತಿದ ಬಂದೂಕನ್ನು ಮುದುಕಿಯ ಮುಂದೆ ಇಳಿಸಿ, ತಾನು ಹೊಸ್ತಿಲ ಬಳಿ ಕುಳಿತ.

ಈ ಬಂದೂಕೇ ಹುಲಗಪ್ಪನ ಕೊರಳಿಗೆ ಹಗ್ಗ ಹಾಕಲು ಹೊರಟಿತ್ತು. ಹಿಂದಿನ ವಾರ ಮುಸ್ಸಂಜೆಯಲ್ಲಿ ರಂಗಂಪೇಟೆಯ ಭಗವಂತರಾಯ ಗುಡ್ಡದ ಕೆಳಗೆ ಎದೆಗೆ ಗುಂಡು ಬಿದ್ದು ಸತ್ತಿದ್ದ. ಬೇಟೆಗಾರ ಹುಲಗಪ್ಪನ ಬಂದೂಕು ಅವನದೇ ಗುಡಿಸಲಿನ ಮಾಡಿನಲ್ಲಿ ಸಿಕ್ಕಿತ್ತು. ಈ ಸೀಮೆಯಲ್ಲಿ ಮಬ್ಬು ಬೆಳಕಿನಲ್ಲಿ, ದೂರದಿಂದ, ಗುರಿ ತಪ್ಪದೆ ಹೊಡೆಯುವವನು ಅವನೊಬ್ಬನೇ ಎಂದು ಜನ ಇಷ್ಟು ವರ್ಷ ಹೊಗಳಿದ್ದರು. ಈಗ ಆ ಹೊಗಳಿಕೆಯೇ ಸಾಕ್ಷಿಯಾಗಿತ್ತು. ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದಿದ್ದ ಹುಲಗಪ್ಪ ನಿನ್ನೆ ಸಂಜೆ ತಾನಾಗಿ ಠಾಣೆಯ ಕಟ್ಟೆಗೆ ಬಂದು ಕುಳಿತು, "ಹಾಕ್ರಿ ಒಳಗ" ಎಂದಿದ್ದ. ಆಮೇಲೆ ಬಾಯಿ ಬಿಟ್ಟಿರಲಿಲ್ಲ. ನಾಳೆ ಬೆಳಗಿನ ಮೋಟಾರಿಗೆ ಅವನನ್ನು ಯಾದಗಿರಿಗೆ ಒಯ್ದು, ಅಲ್ಲಿಂದ ರೈಲಿನಲ್ಲಿ ಗುಲಬರ್ಗಾ ಜೈಲಿಗೆ ಮುಟ್ಟಿಸಬೇಕೆಂದು ಮೇಲಿನವರ ಹುಕುಂ ಬಂದಿತ್ತು. ರೈಲು ಹತ್ತಿದವನು ತಿರುಗಿ ಬರುವ ಹಾಗಿರಲಿಲ್ಲ.

ಆದರೆ ಇವತ್ತು ಬೆಳಿಗ್ಗೆ ಬಂದೂಕನ್ನು ಒರೆಸುವಾಗ ಗದಿಗೆಪ್ಪನ ಬಟ್ಟೆಗೆ ಕಾಡಿಗೆ ಮೆತ್ತಿಕೊಂಡಿತು. ಯಾರೋ ಬೇಕೆಂದೇ ಬಳಿದ ದೀಪದ ಕಾಡಿಗೆ. ಅದರ ಕೆಳಗೆ ನಳಿಕೆಯ ಮೇಲೆ ಎರಡು ಕಡೆ ಬೆಳ್ಳಿಯಂಥ ಹೊಳಪು.

ಬಂದೂಕಿನ ಮೇಲೆ ಕಲಾಯಿ ಯಾಕೆ? ಅದನ್ನು ಕೇಳಲೆಂದೇ ಅವನು ಇಲ್ಲಿಗೆ ಬಂದಿದ್ದ.

ಮಸ್ತಾನಬಿ ಮೊದಲು ಒಂದು ತಂಬಿಗೆ ನೀರು ತಂದು ಅವನ ಕೈಗಿಟ್ಟಳು. "ಕುಡೀರಿ. ಈ ಹೊಗಿ ಎದಿಗೆ ಕೂಡತದ."

ಆಮೇಲೆ ಬಂದೂಕನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಕಣ್ಣು ಕಿರಿದು ಮಾಡಿ ನಳಿಕೆಯ ತುದಿಯನ್ನು ನೋಡಿದಳು.

"ಕರೀಂಭಾಯಿ, ನೋಡಿಲ್ಲಿ. ಮಕ್ಖಿ ಸೊಟ್ಟ ಕುಂತದ."

ಗದಿಗೆಪ್ಪ ಕರವಸ್ತ್ರ ತೆಗೆದು ಬಂದೂಕಿನ ಮೇಲೆ ಒಮ್ಮೆ ಬೀಸಿದ. "ಎಲ್ಲೈತಿ? ಹಾರಿಹೋತೇನು?"

ಮುದುಕಿ ಸೆರಗನ್ನು ಬಾಯಿಗೆ ಹಿಡಿದಳು. ಕರೀಮನ ಮೀಸೆ ನಡುಗಿತು. ಸಾಹೇಬರ ಮುಂದೆ ನಗಬಾರದೆಂದು ಅವನು ಓಣಿಯ ಕಡೆ ಮುಖ ತಿರುಗಿಸಿದ.

"ಅದು ಹಾರೂ ಮಕ್ಖಿ ಅಲ್ಲರೀ ಸಾಹೇಬ್ರ. ನಳಗಿ ತುದಿಗೆ ಕಾಳಿನಂಥಾದು ಅದ ನೋಡ್ರಿ, ಗುರಿ ಹಿಡಿಯೋದು, ಅದಕ್ಕ ಮಕ್ಖಿ ಅಂತೀವಿ. ನಿಮ್ಮ ಕಡೆ ಏನಂತಾರ?"

"ನಾವು ಕವಾಯತಿನ್ಯಾಗ ಫೋರ್‌ಸೈಟ್ ಅಂತ..." ಎಂದು ನಕ್ಕ ಗದಿಗೆಪ್ಪ. ನಗು ಅರ್ಧಕ್ಕೇ ನಿಂತಿತು.

ಹಿಂದಿನ ವಾರ ಇದೇ ಅಂಗಳದಲ್ಲಿ ನಿಂತು ಅವನು ಕೇಳಿದ್ದ: ಸತ್ತ ದಿನ ಮಧ್ಯಾಹ್ನ ಭಗವಂತರಾಯರು ನಿಮ್ಮ ಮನೆಗೆ ಬಂದಿದ್ದರಂತಲ್ಲ, ಯಾಕೆ? ಮಸ್ತಾನಬಿ ಹೇಳಿದ್ದಳು: "ಬಂದಿದ್ರು. ಮಕ್ಖಿ ತಗಸ್ಕೊಂಡು ಹೋದ್ರು."

ಮಕ್ಖಿ ಎಂದರೆ ನೊಣ, ಅಷ್ಟು ಉರ್ದು ಅವನಿಗೂ ಬರುತ್ತಿತ್ತು. ಗದಗಿನಲ್ಲಿ ಯಾರದಾದರೂ ಕಣ್ಣಿಗೆ ನೊಣ ಬಿದ್ದರೆ ಓಣಿಯ ಅಜ್ಜಿಯ ಹತ್ತಿರ ಓಡುತ್ತಿದ್ದರು. ಅಜ್ಜಿ ಸೆರಗಿನ ತುದಿಯನ್ನು ಸುರುಳಿ ಮಾಡಿ, ರೆಪ್ಪೆ ಎತ್ತಿ, ಮೆಲ್ಲಗೆ ತೆಗೆಯುತ್ತಿದ್ದಳು. ಇದೂ ಹಾಗೆಯೇ ಎಂದುಕೊಂಡಿದ್ದ. ಹೆಣದ ಬಲಹುಬ್ಬಿನ ಮೇಲೆ ಅರ್ಧಚಂದ್ರದ ಆಕಾರದ ಗಾಯವೊಂದಿತ್ತು. ಉರಿಯುವ ಕಣ್ಣು ಉಜ್ಜಿಕೊಂಡು ಕೆರೆದದ್ದೋ, ಬೀಳುವಾಗ ಕಲ್ಲು ತಾಗಿದ್ದೋ ಇರಬೇಕು ಎಂದು ಅದನ್ನೂ ಬಿಟ್ಟಿದ್ದ.

"ಅಮ್ಮಾ," ಎಂದ ಗದಿಗೆಪ್ಪ. "ಅವತ್ತು ಭಗವಂತರಾಯರು ತಗಸ್ಕೊಂಡು ಹೋದದ್ದು ಈ ಮಕ್ಖಿ ಏನು?"

"ಮತ್ಯಾವುದು? ನಾ ಹೇಳಿದ್ನೆಲ್ಲ. ನೀವು ತಲಿ ಆಡಿಸಿದ್ರಿ. ಸಾಹೇಬ್ರಿಗೆ ತಿಳೀತು ಅಂತ ಸುಮ್ಮನಾದೆ."

"ಯಾಕ ತಗಸಿದ್ರು?"

"ದುರ್ಬೀನ್ ಕೂಡಸಾಕ."

ಕರೀಮ ಹೊಸ್ತಿಲಿನಿಂದ ಎದ್ದು ಒಳಗೆ ಬಂದ.

ಮಸ್ತಾನಬಿ ಬೆರಳಿನಿಂದ ನಳಿಕೆಯ ಮೇಲಿನ ಎರಡು ಹೊಳಪುಗಳನ್ನು ಮುಟ್ಟಿ ತೋರಿಸಿದಳು. ತವರದಿಂದ ಬೆಸೆದ ಹಿತ್ತಾಳೆಯ ಕಡಗ ಇಲ್ಲೊಂದು, ಇಲ್ಲೊಂದು. ನಡುವೆ ದುರ್ಬೀನು. ಹಿಂದಿನ ಗುರಿಪಟ್ಟಿ ಮಡಿಚಿದರೆ ಮಲಗುತ್ತದೆ, ಅದರ ತೊಂದರೆ ಇರಲಿಲ್ಲ. ಮುಂದಿನ ಮಕ್ಖಿ ಮಾತ್ರ ದುರ್ಬೀನಿನಲ್ಲಿ ಕರಿ ಮೋಡದ ಹಾಗೆ ಅಡ್ಡ ಬರುತ್ತಿತ್ತು. ಅದಕ್ಕೇ ಕಾಯಿಸಿ ತೆಗೆದಳು.

"ನಮ್ಮ ಮನಿಯವರು ಲಾಡ್ಲೇಸಾಬ್ರು ಇದ್ದಿದ್ರ ಛಲೋ ಕೂಡಿಸ್ತಿದ್ರು. ರಾಜರ ಶಿಕಾರಿ ಬಂದೂಕೆಲ್ಲ ಅವರ ಕೈಯಾಗಽ ರಿಪೇರಿ. ನಾ ತಿದಿ ಒತ್ತಿದಾಕಿ ಅಷ್ಟಽ. ದುರ್ಬೀನ್ ಕೂಡಿಸಿದ್ದು ಇದಽ ಮೊದಲು. ಕಣ್ಣಿಗೆ ಭಾಳ ಹತ್ತರ ಕುಂತುಬಿಡ್ತು."

"ಹತ್ತರ ಕುಂತ್ರ ಏನಾಗತೈತಿ?"

"ಗುಂಡು ಹಾರಿದಾಗ ಬಂದೂಕ ಹಿಂದಕ್ಕ ಒದೀತದಲ್ಲ, ದುರ್ಬೀನ್ ಬಳಿ ಬಂದು ಹುಬ್ಬಿಗೆ ಬಡೀತದ. ಗೌಡ್ರ, ಬಿಚ್ಚಿ ಮತ್ತೊಮ್ಮೆ ಕೂಡಿಸ್ತೀನಿ, ನಾಳೆ ಬರ್ರಿ ಅಂದೆ. ಬ್ಯಾಡ ಬೇ, ಒಂದಽ ಗುಂಡು ಹಾರಿಸೋದದ ಅಂದ್ರು."

ಅರ್ಧಚಂದ್ರದ ಗಾಯ ಗದಿಗೆಪ್ಪನ ಕಣ್ಣ ಮುಂದೆ ಬಂತು. ಹಾಗಾದರೆ ಸಾಯುವ ಮೊದಲು ಭಗವಂತರಾಯ ಈ ಬಂದೂಕಿನಿಂದ ಗುಂಡು ಹಾರಿಸಿದ್ದ.

"ಯಾವುದಕ್ಕ ಅಂತ ಕೇಳಲಿಲ್ಲೇನು?"

"ಕೇಳಿದೆ. ತೋಳ ಅಂದ್ರು. ನಿಜಾಮನ ಜೇಲಿನಾಗ ಇದ್ದಾಗಿಂದ ಕಣ್ಣು ಮಬ್ಬಾಗ್ಯಾವ, ಮಕ್ಖಿ ಕಾಣಂಗಿಲ್ಲ, ದುರ್ಬೀನ್ ಇದ್ರ ಹೊಡೀತೀನಿ ಅಂದ್ರು. ಬಂದೂಕ ಹುಲಗಪ್ಪ ಕೊಟ್ಟಾನ ಅಂದ್ರು. ಅವರಿಬ್ಬರದು ದೋಸ್ತಿ ನೋಡ್ರಿ, ಒಂದಽ ಗಂಗಾಳದಾಗ ಉಂಡೋರು."

"ಮತ್ತ ದುರ್ಬೀನು?"

"ಶಹಾಪುರದ ದೇವಿಂದ್ರಪ್ಪ ಸಾಹುಕಾರಂದು."

ಗದಿಗೆಪ್ಪನೂ ಕರೀಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಲಗಪ್ಪನನ್ನು ಬೇಗ ಸಾಗಿಸಿ ಎಂದು ಮೇಲಿನವರ ಕಿವಿ ಊದುತ್ತಿದ್ದವನು ಅದೇ ದೇವಿಂದ್ರಪ್ಪ.

"ಈ ಸೊಟ್ಟ ಮಕ್ಖಿ ಮತ್ತ ಕೂಡಿಸಿದ್ದು ನೀವಲ್ಲ?"

"ತೋಬಾ! ನನ್ನ ಕೈ ಇಷ್ಟು ಕೆಟ್ಟಿಲ್ಲ. ಇದು ಸೀಸ ಸುರದ ಬೆಸುಗಿ, ಗಿರಣಿ ಪೈಪಿಗೆ ಹಾಕ್ತಾರಲ್ಲ ಅಂಥಾದು." ಆಕೆ ಬಂದೂಕನ್ನು ಮತ್ತೆ ಕಂಬಳಿಯಲ್ಲಿ ಸುತ್ತಿದಳು. ಸುತ್ತುತ್ತಲೇ ಕೇಳಿದಳು, "ಹುಲಗಪ್ಪ ಉಂಡಾನೇನ್ರಿ?"

"ನಿನ್ನೆಯಿಂದ ಏನೂ ಮುಟ್ಟಿಲ್ಲ," ಎಂದ ಕರೀಮ.

* * *

ಶಹಾಪುರದ ಬಸ್ಸಿನಲ್ಲಿ ಗದಿಗೆಪ್ಪ ಕಿಟಕಿಯ ಹೊರಗೆ ನೋಡುತ್ತ ಕುಳಿತ. ಕೊಯ್ದ ಜೋಳದ ಹೊಲಗಳು, ಬೋಳು ಕಲ್ಲುಗುಡ್ಡಗಳು, ಬೂದಿ ಬಣ್ಣದ ಆಕಾಶ.

ಕುರಿ ಕಾಯುವವರ ಮಾತು ಈಗ ನೆನಪಾಯಿತು. ಅವರು ಎರಡು ಸದ್ದು ಕೇಳಿದ್ದರು. ಮೊದಲನೆಯದಕ್ಕೆ ಕುರಿ ಬೆದರಿ ಚೆದುರಿದವು, ಅವನ್ನು ತಿರುಗಿಸಿ ಗುಂಪು ಮಾಡುವಷ್ಟರಲ್ಲಿ ಇನ್ನೊಂದು. ಎರಡನೆಯದು ಗುಡ್ಡದ ಮಾರ್ದನಿ ಎಂದು ತೀರ್ಮಾನಿಸಿದವನು ಗದಿಗೆಪ್ಪನೇ. ಯಾವ ಗುಡ್ಡ ಅಷ್ಟು ಹೊತ್ತು ಕಾದು ಮಾರುತ್ತರ ಕೊಡುತ್ತದೆ?

ಮೊದಲನೆಯ ಗುಂಡು ಭಗವಂತರಾಯ ಹಾರಿಸಿದ್ದು. ಎರಡನೆಯದು ಅವನ ಎದೆಗೆ ಬಿದ್ದದ್ದು. ಮೊದಲನೆಯದು ಯಾರ ಕಡೆಗೆ?

"ಕರೀಂಸಾಬ್ರ, ಭಗವಂತರಾಯರಿಗೆ ಯಾರ ಮ್ಯಾಲೆ ಸಿಟ್ಟಿತ್ತು?"

ಕರೀಮ ತಲೆ ತಗ್ಗಿಸಿದ. ರಜಾಕಾರರ ಗದ್ದಲದ ದಿನಗಳ ಮಾತು ಬಂದರೆ ಅವನು ಹೀಗೇ ತಲೆ ತಗ್ಗಿಸುತ್ತಿದ್ದ. ಆಗಲೂ ಅವನು ಪೊಲೀಸಿನಲ್ಲೇ ಇದ್ದ.

"ತಿಂಥಣಿ ಹೊಳಿ ದಾಟಿ ಆಚೆ ಚಳವಳಿ ಕ್ಯಾಂಪಿಗೆ ಹೊಂಟಿದ್ದ ಮೂರು ಹುಡುಗರು ದಂಡಿ ಮ್ಯಾಗಽ ರಜಾಕಾರರ ಕೈಯಾಗ ಸತ್ತರಲ್ಲರೀ. ಒಬ್ಬ ಭಗವಂತರಾಯರ ತಮ್ಮ. ಅವರು ಬರೂ ಸುದ್ದಿ ಯಾರೋ ಮೊದಲಽ ಕೊಟ್ಟಿದ್ರು. ಯಾರು ಅಂತ ಇವರು ಇನ್ನತನ ಹುಡುಕಾಕತ್ತಿದ್ರು. ಮುಂದಿನ ತಿಂಗಳು ಸರಕಾರದ ವಿಚಾರಣಿ ಅದ."

* * *

ದೇವಿಂದ್ರಪ್ಪನ ಹತ್ತಿ ಗಿರಣಿಯಲ್ಲಿ ಎಲ್ಲ ಕಡೆ ಅರಳೆಯ ಧೂಳು. ಅವನ ಖಾದಿ ಟೋಪಿ ಮಾತ್ರ ಮಡಿಕೆ ಮುರಿಯದೆ ಬೆಳ್ಳಗಿತ್ತು. ಕರೀಮ ಯಂತ್ರದ ಮನೆಯ ಕಡೆ ನಡೆದು, ಅಲ್ಲಿದ್ದ ಮಿಸ್ತ್ರಿಯ ಪಕ್ಕ ಕುಳಿತು ಎಲೆಯಡಿಕೆ ಚೀಲ ಬಿಚ್ಚಿದ.

"ಬರ್ರಿ ಬರ್ರಿ! ಏ, ಚಾ ತಗೊಂಬಾ. ಬಶಿ ತೊಳದು ತಾ, ಸಾಹೇಬ್ರು ಧಾರವಾಡ ಕಡೆಯವರು." ದೇವಿಂದ್ರಪ್ಪ ಗಾದಿಯ ಮೇಲೆ ಸರಿದು ಜಾಗ ಮಾಡಿದ. "ನಾಳೆ ಕಳಸ್ತೀರಲ್ಲ ಆ ಹುಲಗ್ಯಾನ್ನ?"

"ಕಳಸೋದಽ. ಅದಕ್ಕೂ ಮೊದಲು ಒಂದು ತಿಳೀವಲ್ದು. ಅವ ಯಾಕ ಕೊಂದ ಅಂತ."

"ಅದ್ರಾಗ ತಿಳಿಯೋದೇನದ? ತಿಂಥಣಿ ಹುಡುಗರ ಸುದ್ದಿ ರಜಾಕಾರರಿಗೆ ಕೊಟ್ಟಾವ ಇವನಽ. ಭಗವಂತರಾಯಗ ಗೊತ್ತಾತು. ವಿಚಾರಣಿಯಾಗ ಹೇಳ್ತಾನಂತ ಮುಗಿಸಿಬಿಟ್ಟ."

"ಭಗವಂತರಾಯರಿಗೆ ಯಾರು ಹೇಳಿದ್ರು?"

"ಊರಿಗೆ ಊರಽ ಹೇಳ್ತದ."

"ಹೌದೇನ್ರಿ? ಊರಾಗ ನಾ ಕೇಳಿದವರೆಲ್ಲ, ಗೊತ್ತಿಲ್ಲರೀ ಅಂದ್ರು. ಹೆಸರು ಹಿಡದು ಹೇಳಿದವರು ನೀವಽ ಮೊದಲು."

ದೇವಿಂದ್ರಪ್ಪ ಚಹಾ ಬಶಿಗೆ ಸುರಿದುಕೊಂಡು ಊದಿದ. "ನಾವು ಸತ್ಯಾಗ್ರಹದಾಗ ಇದ್ದವರು. ನಮಗ ತಿಳೀತದ."

ಗದಿಗೆಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡ. ಹೊರಗಿನವನ ಪೆದ್ದುತನ ಒಂದು ವಾರ ಅವನನ್ನೇ ದಾರಿ ತಪ್ಪಿಸಿತ್ತು. ಇವತ್ತು ಅದು ಏನಾದರೂ ಕೆಲಸ ಮಾಡಲಿ ಎಂದುಕೊಂಡ.

"ಇನ್ನೊಂದೈತ್ರಿ. ನಿಮ್ಮ ಸೀಮಿ ಭಾಷಾ ನಮಗ ತಿಳಿಯಂಗಿಲ್ಲ. ಮಸ್ತಾನಬಿ ಅಂತಾಳ, ಭಗವಂತರಾಯರು ಸಾಯೋ ದಿನ ಬಂದು ಮಕ್ಖಿ ತಗಸ್ಕೊಂಡು ಹೋದ್ರಂತ. ಅವರ ಕಣ್ಣಾಗ ನೊಣ ಬಿದ್ದಿತ್ತಂತ ನಾ ಬರಕೊಂಡೇನಿ. ನೊಣಕ್ಕೂ ಬಂದೂಕಿಗೂ ಏನರೆ ಸಂಬಂಧ ಐತೇನ್ರಿ?"

ದೇವಿಂದ್ರಪ್ಪನ ಬಶಿ ಅಲ್ಲಾಡಿತು. ಮೊದಲು ಹೊಟ್ಟೆ ನಕ್ಕಿತು, ಆಮೇಲೆ ಭುಜ, ಆಮೇಲೆ ಇಡೀ ಮನುಷ್ಯ.

"ಅಯ್ಯೋ ಶಿವನಽ! ಎಂಥೆಂಥಾ ಅಧಿಕಾರಿಗಳನ್ನ ಕಳಸ್ಯಾರಪ್ಪಾ ನಮಗ! ನೊಣ! ಸಾಹೇಬ್ರ, ಮಕ್ಖಿ ಅಂದ್ರ ನೊಣ ಅಲ್ಲರೀ, ನಳಗಿ ತುದಿಗೆ ಇರೋ ಗುರಿಮಣಿ! ಮುದುಕಿ ಕಾಯಿಸಿ ತಗದುಬಿಟ್ಟಿದ್ಳು, ಅದನ್ನ ಮತ್ತ ಕೂಡಸೋದ್ರಾಗ ನಮ್ಮ ಮಿಸ್ತ್ರಿ ಬೆರಳು ಸುಟ್ಟ..."

ಅವನು ನಿಲ್ಲಿಸಿದ.

ಗಿರಣಿಯ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಬಶಿಯಿಂದ ಒಂದು ಹನಿ ಚಹಾ ಖಾದಿ ಧೋತರದ ಮೇಲೆ ಬಿದ್ದು ಹರಡಿತು.

"ಹೂಂ," ಎಂದ ಗದಿಗೆಪ್ಪ. "ಬೆರಳು ಸುಟ್ಟುಕೊಂಡ. ಯಾವಾಗ?"

"ಯಾವಾಗೋ. ಹಿಂದ."

"ಮಕ್ಖಿ ತಗದದ್ದು ಭಗವಂತರಾಯರು ಸತ್ತ ದಿನ ಮಧ್ಯಾಹ್ನ. ಅವರು ಸತ್ತದ್ದು ಅವತ್ತಽ ಸಂಜಿಗೆ. ಮತ್ತ ಕೂಡಿಸಿದ್ದು ಸತ್ತ ಮ್ಯಾಲೇ ಆಗಬೇಕಲ್ಲರೀ ಸಾಹುಕಾರ್ರ. ಆಮ್ಯಾಲೆ ಆ ಬಂದೂಕ ಹುಲಗಪ್ಪನ ಮಾಡಿನ್ಯಾಗ ಹೋಗಿ ಕೂತಿತು."

"ನನಗ ಹೈದರಾಬಾದಿನತನಕ ಗುರುತಿನವರದಾರ, ತಿಳಕೋರಿ."

"ಇರ್ಲಿ. ನಿಮ್ಮ ಮಿಸ್ತ್ರಿಯ ಗುರುತು ನಮ್ಮ ಕರೀಂಸಾಬ್ರಿಗೂ ಆಗೇತಿ, ಅಲ್ಲಿ ನೋಡ್ರಿ."

ಯಂತ್ರದ ಮನೆಯ ಬಾಗಿಲಲ್ಲಿ ಕರೀಮ ಮಿಸ್ತ್ರಿಯ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಅವನ ಸುಟ್ಟ ಬೆರಳಿಗೆ ತನ್ನ ಡಬ್ಬಿಯ ಸುಣ್ಣದ ತಿಳಿ ಸವರುತ್ತಿದ್ದ. ಮಿಸ್ತ್ರಿ ಅಳುತ್ತ ಏನೋ ಹೇಳುತ್ತಿದ್ದ.

ದೇವಿಂದ್ರಪ್ಪ ಬಶಿಯನ್ನು ಕೆಳಗಿಟ್ಟ. ಅವನ ಮುಖ ಅರಳೆಯ ಬಣ್ಣಕ್ಕೆ ತಿರುಗಿತ್ತು.

"ನಾ ಕೊಂದಿಲ್ಲ. ತಾಯಾಣೆ. ದುರ್ಬೀನ್ ನಂದು, ಖರೆ. ಕೇಳಿದ, ಕೊಟ್ಟೆ. ಸಂಜಿಗೆ ನಾ ಗುಡ್ಡಕ್ಕ ಹೋದಾಗ ಅವ ಸತ್ತು ಬಿದ್ದಿದ್ದ, ಬಂದೂಕ ಪಕ್ಕಕ್ಕಿತ್ತು. ಅದ್ರ ಮ್ಯಾಲೆ ನನ್ನ ದುರ್ಬೀನು. ಯಾರರೆ ನೋಡಿದ್ರ ನನ್ನ ಹೆಸರು ಬರ್ತದಂತ ಬಿಚ್ಚಿಸಿದೆ. ಅಷ್ಟಽ."

"ಶಹಾಪುರದವರು ಆ ಹೊತ್ತಿನ್ಯಾಗ ಸುರಪುರದ ಗುಡ್ಡಕ್ಕ ಯಾಕ ಹೋಗಿದ್ರಿ?"

ದೇವಿಂದ್ರಪ್ಪ ಧೋತರದ ಮೇಲಿನ ಚಹಾದ ಕಲೆ ಉಜ್ಜತೊಡಗಿದ.

"ನಾ ಹೇಳ್ಲೇನು? ತೋಳ ಸತ್ತಿತೋ ಇಲ್ಲೋ ನೋಡಾಕ ಹೋಗಿದ್ರಿ. ವಿಚಾರಣಿಯಾಗ ನಿಮ್ಮ ಹೆಸರು ಬರಬಾರದಂತ ಭಗವಂತರಾಯರ ಕಿವ್ಯಾಗ ಬ್ಯಾರೆ ಒಂದು ಹೆಸರು ಊದಿದ್ರಿ. ಕಣ್ಣು ಮಂಜಾದವರ ಕೈಯಾಗ ದುರ್ಬೀನ್ ಕೊಟ್ರಿ. ಆ ತೋಳದ ಹೆಸರೇನು?"

ದೇವಿಂದ್ರಪ್ಪ ಟೋಪಿ ಸರಿಮಾಡಿಕೊಂಡ. ಸೋತವನ ಮುಖದಲ್ಲಿ ಒಂದು ಕೆಟ್ಟ ನಗು ಬಂದು ಹೋಯಿತು.

"ನಿಮ್ಮ ಕೋಣ್ಯಾಗ ಕೂತಾನಲ್ಲ, ಅವನ್ನಽ ಕೇಳ್ರಿ."

* * *

ದೇವಿಂದ್ರಪ್ಪನನ್ನೂ ಮಿಸ್ತ್ರಿಯನ್ನೂ ಶಹಾಪುರದ ಠಾಣೆಗೆ ಒಪ್ಪಿಸಿ, ಸುರಪುರಕ್ಕೆ ಮರಳಿದಾಗ ದೀಪ ಹಚ್ಚುವ ಹೊತ್ತಾಗಿತ್ತು. ಗದಿಗೆಪ್ಪ ಕುರ್ಚಿ ಬಿಟ್ಟು, ಕೋಣೆಯ ಸರಳುಗಳ ಹೊರಗೆ ನೆಲದ ಮೇಲೆಯೇ ಕುಳಿತ. ಹುಲಗಪ್ಪ ಕಂಬಳಿ ಹೊದ್ದು ಮೂಲೆಗೆ ಒರಗಿದ್ದ. ಎತ್ತರದ, ಒಣಗಿದ ಮನುಷ್ಯ. ನಿನ್ನೆ ಅವನ ಸೊಂಟ, ಚೀಲ ಎಲ್ಲ ಜಪ್ತಿ ಮಾಡಿದ್ದರು. ಆದರೆ ಚಳಿಯಲ್ಲಿ ಬಂದವನ ಮೈಮೇಲಿನ ಕಂಬಳಿ ತೆಗೆಸಲು ಯಾರಿಗೂ ಮನಸ್ಸಾಗಿರಲಿಲ್ಲ.

"ಭಗವಂತರಾಯರು ನಿನ್ನ ಹತ್ತರ ಬಂದೂಕ ಇಸ್ಕೊಂಡು ಹೋದ್ರು. ಆ ಬಂದೂಕಿಲೆ ನಿನಗಽ ಹೊಡದ್ರು. ಹೌದಲ್ಲೋ?"

ಹುಲಗಪ್ಪ ಕಣ್ಣು ಮುಚ್ಚಿದ.

"ಹೊಳಿ ಹುಡುಗರ ಸುದ್ದಿ ಕೊಟ್ಟಾವ ನೀನೇನು?"

"ಭಗವಂತಣ್ಣನ ತಮ್ಮ ಬೇಟಿ ಕಲ್ತದ್ದು ನನ್ನ ಹೆಗಲ ಮ್ಯಾಗ ಕುಂತ್ರೀ." ಕೋಣೆ ಸೇರಿದ ಮೇಲೆ ಇದೇ ಅವನ ಮೊದಲ ಮಾತು. ದನಿ ತುಕ್ಕು ಹಿಡಿದ ಬಾಗಿಲಿನಂತಿತ್ತು. "ಭಗವಂತಣ್ಣ ತೋಳಕ್ಕಂತ ಬಂದೂಕ ಕೇಳಿದ. ಎರಡು ಕಾಡತೂಸು ಕೊಟ್ಟೆ. ಕಣ್ಣು ಸರಿ ಇಲ್ಲ, ಒಂದು ತಪ್ಪಿದ್ರ ಇನ್ನೊಂದು ಇರ್ಲಿ ಅಂತ ನಾನಽ ಕೊಟ್ಟೆ."

ಹೊರಗೆ ಕರೀಮ ಕಂದೀಲಿನ ಗಾಜು ಒರೆಸುತ್ತಿದ್ದವನು ಕೈ ನಿಲ್ಲಿಸಿದ.

ಎರಡು ಕಾಡತೂಸು, ಎರಡು ಸದ್ದು. ಹಾಗಾದರೆ ಇನ್ನೊಂದು ಬಂದೂಕು ಇರಲೇ ಇಲ್ಲ. ಭಗವಂತರಾಯನನ್ನು ಕೊಂದ ಗುಂಡೂ ಅವನ ಕೈಯಲ್ಲಿದ್ದ ಬಂದೂಕಿನದೇ.

"ಎರಡನೇದು ಯಾರು ಹಾರಿಸಿದ್ರು?"

"ಬರಕೋರಿ, ನಾನಽ ಅಂತ."

"ಹುಲಗಪ್ಪಾ, ನಾಳೆ ಮೋಟಾರಿಗೆ ಹತ್ತಿದ್ರ ನೀ ತಿರುಗಿ ಬರಂಗಿಲ್ಲ. ನಿನ್ನ ತಡಿಯಾಕ ನನಗೊಂದು ಮಾತು ಬೇಕು. ಒಂದಽ ಮಾತು."

"ಮೋಟಾರು ತಡಾ ಮಾಡಸಬ್ಯಾಡ್ರಿ ಸಾಹೇಬ್ರ. ಹತ್ತಸಿಬಿಡ್ರಿ."

ಬಾಗಿಲಲ್ಲಿ ನೆರಳು ಬಿತ್ತು. ಕರೀಮ ತಟ್ಟನೆ ಎದ್ದು ದಾರಿ ಬಿಟ್ಟ. ಬಂದವಳು ಗೊಲ್ಲಾಳಮ್ಮ, ಸತ್ತ ಭಗವಂತರಾಯನ ಹೆಂಡತಿ. ಬರಿಯ ಹಣೆ, ಬರಿಯ ಕೈ. ಸೆರಗಿನೊಳಗೆ ಏನನ್ನೋ ಹಿಡಿದಿದ್ದಳು.

"ಅವನಿಗೆ ಬುತ್ತಿ ತಂದೇನ್ರಿ," ಎಂದಳು.

ಗಂಡನನ್ನು ಕೊಂದವನೆಂದು ಊರೇ ಹೇಳುತ್ತಿರುವ ಮನುಷ್ಯನಿಗೆ. ಒಳಗೆ ಹೋಗುವ ಊಟವನ್ನು ನೋಡಿ ಬಿಡಬೇಕೆಂಬ ಕಾನೂನಿದ್ದುದರಿಂದ, ಗದಿಗೆಪ್ಪ ಬಟ್ಟೆ ಸರಿಸಿ ನೋಡಿದ. ಜರ್ಮನ್ ಡಬರಿಯಲ್ಲಿ ಜೋಳದ ರೊಟ್ಟಿಯನ್ನು ಸಣ್ಣಗೆ ಮುರಿದು ಹಾಲಿನಲ್ಲಿ ಕಲಸಿತ್ತು. ಹಲ್ಲು ಬಾರದ ಕೂಸಿಗೆ, ಹಾಸಿಗೆ ಹಿಡಿದವರಿಗೆ ಕಲಸುವಂತೆ.

"ಯಾಕವ್ವಾ, ಮುರದು ತಂದೀರಿ?"

"ಒಂದು ಕೈಲೆ ರೊಟ್ಟಿ ಮುರಿಯಾಕ ಬರಂಗಿಲ್ಲಲ್ರೀ. ಅವನ ಬಲಗೈ ಎತ್ತಾಕ ಆಗಂಗಿಲ್ಲ."

ಗದಿಗೆಪ್ಪ ತಿರುಗಿ ನೋಡಿದ. ಹುಲಗಪ್ಪ ಎಡಗೈಯಿಂದ ಕಂಬಳಿಯನ್ನು ಬಲಭುಜದ ಮೇಲೆ ಎಳೆದುಕೊಳ್ಳಲು ಹೋದ. ತಡವಾಗಿತ್ತು. ಕಂಬಳಿಯ ಅಂಚಿನಲ್ಲಿ ಅರಿಷಿಣ ಮೆತ್ತಿದ ಬಟ್ಟೆಯ ಕಟ್ಟು, ಅದರ ನಡುವೆ ಒಣಗಿ ಕಪ್ಪಾದ ರಕ್ತ.

ಮೊದಲನೆಯ ಗುಂಡು ಅಲ್ಲಿತ್ತು. ಆ ತೋಳಿನಿಂದ ಅವನು ಬಂದೂಕು ಎತ್ತಿರಲಾರ. ಎರಡನೆಯ ಗುಂಡು ಹಾರಿಸಿದವನು ಹುಲಗಪ್ಪ ಅಲ್ಲ. ಅವನನ್ನು ಮೋಟಾರಿಗೆ ಹತ್ತಿಸದಿರಲು ಗದಿಗೆಪ್ಪನಿಗೆ ಬೇಕಾಗಿದ್ದ ಸಾಕ್ಷಿ ಕೈಗೆ ಬಂದಿತ್ತು.

ಅವನಿಗೆ ಸಂತೋಷವಾಗಲಿಲ್ಲ.

"ಕೈ ಹಿಂಗಾಗೇತಿ ಅಂತ ನಮಗಽ ಗೊತ್ತಿರಲಿಲ್ಲ," ಎಂದ ಮೆಲ್ಲಗೆ. "ನಿಮಗ ಹೆಂಗ ಗೊತ್ತಾತು?"

"ಅತ್ತಿಗಿ!" ಹುಲಗಪ್ಪ ಮೊದಲ ಸಲ ದನಿ ಎತ್ತಿದ. ಗೋಡೆ ಹಿಡಿದು ಏಳಲು ನೋಡಿದ. "ಸುಮ್ಮನ ಮನಿಗೆ ನಡೀರಿ. ನಿಮ್ಮ ಕಾಲ್ಬೀಳ್ತೀನಿ."

"ನೀ ಸುಮ್ಮನಿರೋ," ಎಂದಳು ಗೊಲ್ಲಾಳಮ್ಮ. ಅದು ಮೈದುನನನ್ನು ಗದರುವ ದನಿ. ಆಮೇಲೆ ಗದಿಗೆಪ್ಪನ ಮುಖವನ್ನು ನೇರವಾಗಿ ನೋಡಿದಳು.

"ಕಟ್ಟು ಕಟ್ಟಿದಾಕಿ ನಾನಽ ರೀ. ಅವತ್ತ. ಗುಡ್ಡದ ಕೆಳಗ. ಇವನ ಮ್ಯಾಲೆ ಮತ್ತ ಗುರಿ ಹಿಡದಾಗ ಅವರ ಕೈಯಾಗಿನ ಬಂದೂಕ ಕಸ್ಕೊಂಡಾಕಿನೂ ನಾನಽ."

ಕರೀಮ ಕಂದೀಲನ್ನು ನೆಲಕ್ಕಿಟ್ಟ, ಗೋಡೆಯ ಮೇಲೆ ನಾಲ್ಕೂ ಜನರ ನೆರಳು ಉದ್ದವಾಯಿತು. ನಾಳಿನ ಮೋಟಾರಿಗೆ ಯಾರನ್ನು ಹತ್ತಿಸಬೇಕೆಂದು ಅಲ್ಲಿದ್ದವರು ಯಾರೂ ಕೇಳಲಿಲ್ಲ.

ಗೊಲ್ಲಾಳಮ್ಮ ಸರಳುಗಳ ಮುಂದೆ ಮೊಣಕಾಲೂರಿ, ಡಬರಿಯನ್ನು ಒಳಗೆ ಸರಿಸಿ, ಹುಲಗಪ್ಪನ ಎಡಗೈಗೆ ಎಟುಕುವಷ್ಟು ಹತ್ತಿರ ಇಟ್ಟಳು.